ವಾರ್ನಿಶ್ ಹಚ್ಚುವ ದಿನ

ಚಿತ್ರಪ್ರದರ್ಶನ ಜನರಿಗೆ ತೆರೆಯುವ ಹಿಂದಿನ ದಿನ ಚಿತ್ರಕಾರರನ್ನೂ ಅವರ ಜೊತೆಯವರನ್ನೂ ಮಾತ್ರ ಒಳಗೆ ಬಿಡುತ್ತಾರೆ. ಅವರು ಗೋಡೆಗೆ ಏಣಿ ಹಾಕಿಕೊಂಡು ತಮ್ಮ ಚಿತ್ರಕ್ಕೆ ವಾರ್ನಿಶ್ ಹಚ್ಚುತ್ತಾರೆ. ಬೇಕಾದರೆ ತಿದ್ದಲೂಬಹುದು. ನಮ್ಮಮ್ಮಾವ್ರು ಲಿಯೋನಿ ಆ ಒಂದು ದಿನವನ್ನೇ ನಂಬಿ ಕೂತಿದ್ದರು.

ಬೆರ್ತ್ರಾಂ ಬರೆದ ದೊಡ್ಡ ಚಿತ್ರದಲ್ಲಿ ಅವರು ಬರಿಮೈಯಲ್ಲಿ ಮಂಚಕ್ಕೆ ಒರಗಿದ್ದರು. ಪ್ಯಾರಿಸ್ಸಿನಲ್ಲಿ ಅವರನ್ನು ಬರೆಯದ ಚಿತ್ರಕಾರರು ಕಡಿಮೆ. ಆದರೆ ಆ ಚಿತ್ರಗಳೆಲ್ಲ ದೊಡ್ಡ ಮನುಷ್ಯರ ಕೋಣೆಗಳಲ್ಲಿ ತೂಗುವಂಥವು. ಇದನ್ನು ಊರೆಲ್ಲ ನೋಡುತ್ತದೆ. ಮಗಳು ಒಡೀಲ್ ಓದುವ ಕಾನ್ವೆಂಟಿನಲ್ಲಿ ಅಮ್ಮಾವ್ರು ತಾವು ವಿಧವೆ ಎಂದು ಹೇಳಿಕೊಂಡಿದ್ದರು. ಅಲ್ಲಿನ ಯಾರಾದರೂ ಈ ಮುಖ ಗುರುತಿಸಿದರೆ ಮಗುವನ್ನು ಅಂದೇ ಹೊರಗೆ ಕಳಿಸುತ್ತಾರೆ.

ಅಮ್ಮಾವ್ರಿಗೆ ಬಟ್ಟೆ ತೊಡಿಸುವ ಕೆಲಸದವಳು ನಾನು. ಅವತ್ತು ಶಾಲು ಹಿಡಿದುಕೊಂಡು ಹಿಂದೆ ಹೋಗಿದ್ದೆ. ಅಮ್ಮಾವ್ರು ಹೋದವರೇ ಚಿತ್ರದಿಂದ ತಮ್ಮ ಮುಖ ತೆಗಿ ಎಂದು ಬೆರ್ತ್ರಾಂನನ್ನು ಬೈಯತೊಡಗಿದರು.

"ಏನಯ್ಯಾ ಬೆರ್ತ್ರಾಂ, ಚಿತ್ರಾನೇ ಗೋಡೆಯಿಂದ ಇಳಿದು ಬಂದು ಬೈತಾ ಇದೆಯಲ್ಲೋ!" ಪಕ್ಕದ ಏಣಿಯ ಮೇಲಿದ್ದವನು ಕೂಗಿದ.

"ಮುಖ ತೆಗಿ ಅಂದ್ರೆ ಹೆಂಗೆ ಲಿಯೋನಿ? ಕತ್ತಿನ ಮೇಲೆ ಕುಂಬಳಕಾಯಿ ಇಡ್ಲಾ?" ಎಂದ ಬೆರ್ತ್ರಾಂ.

"ಏನಾದ್ರೂ ಇಡು. ನಂದು ಬೇಡ. ನನ್ನ ಮಗಳು ಬೀದಿಗೆ ಬೀಳ್ತಾಳೆ ಕಣೋ."

ಅವನು ಗೊಣಗುತ್ತಲೇ ಚೂರಿಯಿಂದ ಬಣ್ಣ ಕೆರೆದ. ಅಮ್ಮಾವ್ರ ಕಣ್ಣು, ಮೂಗು, ತುಟಿ ನೆಲಕ್ಕೆ ಉದುರಿದವು.

"ಎದುರಿಗೆ ಒಬ್ರಿಲ್ದೆ ನಾನು ಮುಖ ಬರೆಯಲ್ಲ" ಎಂದು ಅತ್ತಿತ್ತ ನೋಡಿದವನು ನನ್ನನ್ನು ಕಂಡ. "ಏ ಹುಡುಗಿ, ಗಲ್ಲ ಎತ್ತು."

ನಾನು ಅಮ್ಮಾವ್ರ ಕಡೆ ತಿರುಗಿದೆ.

"ಸ್ವಲ್ಪ ಹೊತ್ತು ನಿಂತ್ಕೊಳ್ಳೇ ಪೆರಿನ್" ಎಂದರು. "ನಿನ್ನನ್ನ ಯಾರು ಗುರುತು ಹಿಡೀತಾರೆ?"

ರಜೆಗೆ ಬಂದಾಗ ಒಡೀಲ್ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ನಾನು ಗಲ್ಲ ಎತ್ತಿದೆ.

ಬರೆದು ಮುಗಿಸಿದಾಗ ಸುತ್ತಲಿನ ಏಣಿಗಳಿಂದ ಒಬ್ಬೊಬ್ಬರೇ ಇಳಿದು ಬಂದಿದ್ದರು. ಯಾರೂ ತಮಾಷೆ ಮಾಡಲಿಲ್ಲ. ಅಮ್ಮಾವ್ರು ಚಿತ್ರದ ಹತ್ತಿರ ಹೋಗಿ ನೋಡಿದರು.

"ಇವಳಿಗೆ ನಾಚಿಕೆ ಆಗ್ತಿರೋದು ನಿಂಗೆ ಕಾಣ್ಸುತ್ತೆ" ಎಂದರು ಬೆರ್ತ್ರಾಂಗೆ. "ನನ್ನ ಬರೆಯೋವಾಗ ಕಾಣ್ಸಿರಲಿಲ್ಲ, ಅಲ್ವಾ?"

ಅವನು ಕುಂಚ ಒರೆಸುತ್ತ ಕೂತ.

ಭಾನುವಾರ ಟಿಕೆಟ್ಟಿಲ್ಲದೆ ಬಿಡುತ್ತಾರೆಂದು ನಮ್ಮ ಬೀದಿಯವರೆಲ್ಲ ಪ್ರದರ್ಶನಕ್ಕೆ ಹೋದರು. ಅಮ್ಮಾವ್ರು ವಿಧವೆಯರ ಕಪ್ಪು ಉಡುಪು ತೊಟ್ಟು ಕಾನ್ವೆಂಟಿಗೆ ಹೋಗಿಬಂದರು. ಒಡೀಲ್ ದೇಶದ ನದಿಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದಳಂತೆ. ಅದನ್ನು ಹೇಳುತ್ತ ಹೇಳುತ್ತ ಅತ್ತರು.

ಮರುದಿನ ಬೆಳಿಗ್ಗೆ ನಾನು ಬ್ರೆಡ್ಡಿಗೆ ಹೋದೆ. ಅಂಗಡಿಯಾಕೆ ನನ್ನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಕತ್ತಿನಿಂದ ಕೆಳಗೆ ನೋಡಿದಳು.

"ನಿನ್ನನ್ನ ಸಾಧು ಅಂದ್ಕೊಂಡಿದ್ನಲ್ಲೇ" ಎಂದಳು.

ಹಿಂದೆ ನಿಂತವರು ಕಿಸಕ್ಕೆಂದರು. ಆ ಮೈ ನನ್ನದಲ್ಲ ಎನ್ನಬಹುದಿತ್ತು. ಎಂದರೆ, ಹಾಗಾದರೆ ಯಾರದು ಎಂದು ಕೇಳುತ್ತಾಳೆ.

ಬ್ರೆಡ್ಡು ಇನ್ನೂ ಬಿಸಿಯಾಗಿತ್ತು. ಎದೆಗೆ ಅವುಚಿಕೊಂಡು ಹೊರಗೆ ಬಂದೆ.