ಹಲ್ವರ್ ಬ್ರೆಕ್ಕೆಯ ಹನ್ನೆರಡು ಸಾಲು

ತಪ್ಪು ನನ್ನದೇ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಹೇಳಿ, ನನಗೂ ತಿಳಿಯದ್ದು ಏನಾದರೂ ಇದ್ದೀತು ಅನ್ನೋದೇ ಮರೆತುಹೋಗಿತ್ತು. ಡಕೋಟಾದ ಈ ಬಯಲಿಗೆ ನಮ್ಮ ಅಜ್ಜ ಓಸ್ಮುಂಡ್ ಬ್ರೆಕ್ಕೆ ಬಂದು ಆ ವರ್ಷಕ್ಕೆ ತೊಂಬತ್ತು ತುಂಬಿತ್ತು. ಬೇಸಿಗೆಯಲ್ಲಿ ಬಂಧುಬಳಗವೆಲ್ಲ ಸೇರುವ ಹೊತ್ತಿಗೆ ಮನೆತನದ ಚರಿತ್ರೆ ಅಚ್ಚಾಗಿರಬೇಕು ಅಂತ ಎಲ್ಲರೂ ತೀರ್ಮಾನಿಸಿ, ಅಸ್ಲಾಗ್ ಟೀಚರ್ ಇದ್ದಾಳಲ್ಲ, ಬರೀತಾಳೆ ಬಿಡು ಅಂತ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನೂ ಉಬ್ಬಿಹೋದೆ.

ಅಜ್ಜನ ಕಥೆ ಬರೆಯೋದು ಕಷ್ಟವಾಗಲಿಲ್ಲ. ನಾರ್ವೆಯಲ್ಲಿ ಜಮೀನೆಲ್ಲ ಹಿರಿಯಣ್ಣನ ಪಾಲು, ಕಿರಿಯವನಿಗೆ ಉಳಿದದ್ದು ಕಲ್ಲು ಮತ್ತು ನೀರು. ಮದುವೆಯಾದ ತಿಂಗಳಿಗೇ ಅಜ್ಜಿ ಮಾರಿಟ್‌ಳನ್ನು ಕರೆದುಕೊಂಡು ಹಡಗು ಹತ್ತಿದ. ಇಲ್ಲಿ ಸರ್ಕಾರ ಕೊಟ್ಟ ನೂರ ಅರವತ್ತು ಎಕರೆ, ಒಂದು ಜೊತೆ ಎತ್ತು, ಹುಲ್ಲುಬೇರಿನ ಸಮೇತ ಮಣ್ಣಿನ ಹೆಂಟೆ ಕಡಿದು ಪೇರಿಸಿದ ಒಂದೇ ಕೋಣೆಯ ಮನೆ. ಹೊರಗೆ ಮಳೆ ನಿಂತಮೇಲೂ ಒಳಗೆ ಎರಡು ದಿನ ಸೋರುತ್ತಿತ್ತಂತೆ.

ತೊಡಕು ಬಂದದ್ದು ಚರ್ಚಿನ ಹಳೇ ದಾಖಲೆಯಲ್ಲಿ. ಅಜ್ಜ ಅಜ್ಜಿಯ ಮಗ ಹಲ್ವರ್‌ಗೆ ಮೂರು ಸಲ ದೀಕ್ಷಾಸ್ನಾನ ಆಗಿದೆ ಅಂತ ಅದರಲ್ಲಿತ್ತು: ಸಾವಿರದ ಎಂಟುನೂರ ಎಂಬತ್ಮೂರರಲ್ಲಿ, ಎಂಬತ್ತಾರರಲ್ಲಿ, ತೊಂಬತ್ತೊಂದರಲ್ಲಿ. ನನಗೆ ಗೊತ್ತಿದ್ದದ್ದು ಒಬ್ಬನೇ ಹಲ್ವರ್. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ಮದುವೆಯಿಲ್ಲದೆ ಒಂಟಿಯಾಗಿ ಬೇಸಾಯ ಮಾಡಿಕೊಂಡು ಎಂಬತ್ತೊಂದು ದಾಟಿದವನು. ಕುದುರೆ ಮೇಲೆ ಸುತ್ತುತ್ತಿದ್ದ ಪಾದ್ರಿಯ ಮೂಲ ಪುಸ್ತಕ ಸುಟ್ಟುಹೋಗಿ, ಇದು ಯಾರೋ ಆಮೇಲೆ ಮಾಡಿದ ನಕಲು. ನಕಲು ಮಾಡಿದವನು ತೂಕಡಿಸಿರಬೇಕು ಅಂದುಕೊಂಡೆ. ದೊಡ್ಡಪ್ಪನನ್ನೇ ಕೇಳಬಹುದಿತ್ತು, ಅವನ ಮನೆ ಮೂರು ಮೈಲಿ. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೊದಲ ಎರಡನ್ನು ಹೊಡೆದುಹಾಕಿದ್ದಲ್ಲದೆ, ನಕಲುಗಾರನ ನಿದ್ದೆಯ ಬಗ್ಗೆ ಒಂದು ತಮಾಷೆಯ ಟಿಪ್ಪಣಿಯನ್ನೂ ಸೇರಿಸಿದೆ.

ಅಚ್ಚಿನ ಕರಡು ಬಂದ ಭಾನುವಾರ, ಪ್ರಾರ್ಥನೆ ಮುಗಿದು ಕಾಫಿಗೆ ಕೂತಾಗ ಅದನ್ನು ಎಲ್ಲರಿಗೂ ಓದಿ ಹೇಳಿದೆ. ಕಾಫಿ ಕೊಟ್ಟರೂ ಮೂರು ಸಲ ಬೇಡ ಬೇಡ ಅಂದು ಆಮೇಲೆ ಕುಡಿಯುವ ಜನ ನಾವು, ನಗೋದೂ ಅಷ್ಟೇ ಬಿಗಿ. ಆದರೂ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂರು ಸಲ ನೀರು ಹೊಯ್ದ್ರೂ ಈ ಮುದುಕ ನೆಟ್ಟಗೆ ಚರ್ಚಿಗೆ ಬರಲ್ಲ ನೋಡು," ಅಂದ ನನ್ನ ಅತ್ತೆಯ ಮಗ ಕ್ನುಟ್. ದೊಡ್ಡಪ್ಪ ನಗಲಿಲ್ಲ. ಲೋಟ ಕೆಳಗಿಟ್ಟು, ಟೋಪಿ ಹಾಕಿಕೊಂಡು, ಗೋಧಿ ನೋಡಬೇಕು ಅಂತ ಹೊರಟುಹೋದ. ಅವನ ಕಾಫಿ ಕುಡಿಯದೆ ಹಾಗೇ ಇತ್ತು.

ಮಾರನೆ ಬೆಳಿಗ್ಗೆ ಅವನ ಮನೆಗೆ ಹೋದೆ. ಅರ್ಧ ಗಂಟೆ ಗಾಳಿ, ಮೋಡ, ಗೋಧಿ ಅಂತ ಮಾತಾಡಿದೆವು. ಕೊನೆಗೆ ನಾನೇ ಸೋತು, ದೊಡ್ಡಪ್ಪ, ನಾನೇನು ತಪ್ಪು ಮಾಡಿದೆ ಅಂತ ಕೇಳಿದೆ. ಅವನು ಕಿಟಕಿ ಕಡೆ ನೋಡುತ್ತಾ ನಿಧಾನವಾಗಿ ಹೇಳಿದ.

ಹಲ್ವರ್ ಅನ್ನೋದು ಅಜ್ಜನ ಅಪ್ಪನ ಹೆಸರು. ಮೊದಲ ಮಗನಿಗೆ ಆ ಹೆಸರಿಡೋದು ಪದ್ಧತಿ, ಆ ಮಗು ಹೋದರೆ ಮುಂದೆ ಹುಟ್ಟಿದ ಗಂಡಿಗೆ ಮತ್ತೆ ಅದನ್ನೇ ಇಡಬೇಕು. ಮೊದಲನೆಯವನನ್ನು ಗಂಟಲುಮಾರಿ ಒಯ್ಯಿತು. ಎರಡನೆಯವನಿಗೆ ಬರೀ ಜ್ವರ. ಆಗ ಇಲ್ಲಿ ಚರ್ಚೂ ಇಲ್ಲ, ಸ್ಮಶಾನವೂ ಇಲ್ಲ. ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ನೆಟ್ಟ ಮರದ ಶಿಲುಬೆಗಳು ಬಯಲಿನ ಬೆಂಕಿಯಲ್ಲಿ ಸುಟ್ಟುಹೋದವು. ಮೂರನೆಯವನು ಇವನು.

ಅಜ್ಜಿ ವರ್ಷಕ್ಕೆ ಮೂರು ದಿನ ಆಲೂಗೆಡ್ಡೆ ರೊಟ್ಟಿ ಮಾಡಿ, ಮೊದಲನೆಯದಕ್ಕೆ ಬೆಣ್ಣೆ ಸಕ್ಕರೆ ಸವರಿ ಇವನ ಕೈಗೇ ಕೊಡುತ್ತಿದ್ದಳಂತೆ. ನಿನಗೇನಪ್ಪ, ಮೂರು ಹುಟ್ಟುಹಬ್ಬದ ದೊರೆ ಅಂತ ಅಕ್ಕ ಬೆರಿಟ್ ಹಂಗಿಸುತ್ತಿದ್ದಳು. ಅಮ್ಮನಿಗೆ ನಾನೇ ಮುದ್ದು ಅಂತ ಇವನೂ ನಂಬಿದ್ದ. ಹನ್ನೆರಡು ತುಂಬಿದ ವರ್ಷ ಅಜ್ಜಿ ಹೊಲದ ಮೂಲೆಗೆ ಕರೆದೊಯ್ದು, ಉಳಿದ ಎರಡು ದಿನ ಯಾರ ಹುಟ್ಟುಹಬ್ಬ ಅಂತ ಎಲ್ಲ ಹೇಳಿದಳು.

"ಸಾಯೋ ಮುಂಚೆ ಕೈ ಹಿಡ್ಕೊಂಡು, ಅವರನ್ನ ಬಿಡಬೇಡ ಕಣೋ ಅಂದ್ಲು," ಅಂದ ದೊಡ್ಡಪ್ಪ. "ಐವತ್ತು ವರ್ಷ ಇಟ್ಕೊಂಡಿದೀನಿ. ಈಗ ನಾನು ಹೋದ್ರೆ ಮುಗೀತಲ್ಲ ಮಗಾ. ನಿನ್ನ ಪುಸ್ತಕದಲ್ಲಿ ಇರ್ತಾರೆ ಅಂತ ಧೈರ್ಯವಾಗಿದ್ದೆ."

ಮೊದಲೇ ಯಾಕೆ ಹೇಳಲಿಲ್ಲ ಅಂದೆ. ನೀನು ಕೇಳಲಿಲ್ಲವಲ್ಲ ಅಂದ. ನನಗೆ ನೆಲ ಬಾಯಿಬಿಟ್ಟು ನುಂಗಬಾರದಾ ಅನ್ನಿಸಿತು.

ಅಲ್ಲಿಂದಲೇ ಅಚ್ಚಿನವನಿಗೆ ಫೋನ್ ಮಾಡಿದೆ. ಮಂಗಳವಾರ ಯಂತ್ರಕ್ಕೆ ಏರುತ್ತೆ, ಒಂದು ಪುಟ ಬದಲಾಯಿಸಿಕೊಡ್ತೀನಿ, ಆದರೆ ಒಂದು ಸಾಲೂ ಹೆಚ್ಚಾಗಬಾರದು ಅಂದ. ಆ ಪುಟದ ತುಂಬ ಇದ್ದದ್ದು ಹೆರಿಗೆ, ಮದುವೆ, ಸಾವು. ತೆಗೆಯಲು ಏನೂ ಇರಲಿಲ್ಲ. ಟಿಪ್ಪಣಿ ತೆಗೆದರೆ ಎರಡು ಹೆಸರಿಗಾಗುವಷ್ಟು ಜಾಗ ಸಿಗುತ್ತೆ, ಹೆಸರು ಮಾತ್ರ ಹಾಕ್ತೀನಿ ಅಂತ ದೊಡ್ಡಪ್ಪನಿಗೆ ಹೇಳಿದೆ. ಎಳೇ ಮಕ್ಕಳು, ಹೊಲವಿಲ್ಲ, ಹೆಂಡತಿಯಿಲ್ಲ, ಬರೆಯೋಕಾದರೂ ಏನಿದೆ ಅಂದುಬಿಟ್ಟೆ.

"ನಂಗೂ ಹೆಂಡ್ತಿ ಇಲ್ಲ," ಅಂದ. "ನಂದು ಎಷ್ಟು ಸಾಲು?"

"ಹನ್ನೆರಡು."

"ನಾಲ್ಕು ನಾಲ್ಕು ಮಾಡು."

ಪೆನ್ಸಿಲ್ ತಗೊಂಡು ಅವನೇ ಕೂತ. ಓಟ್ಸ್‌ಗೆ ಬಂದ ಬಹುಮಾನ ಹೋಯಿತು. ಶಾಲಾ ಸಮಿತಿಯ ಇಪ್ಪತ್ತು ವರ್ಷ ಹೋಯಿತು. ಸಾವಿರದ ಒಂಬೈನೂರ ಇಪ್ಪತ್ಮೂರರ ಹಿಮಗಾಳಿಯಲ್ಲಿ ಶಾಲೆಯ ಏಳು ಮಕ್ಕಳನ್ನು ಮನೆ ಸೇರಿಸಿದ ಸಾಲುಗಳಿಗೆ ಪೆನ್ಸಿಲ್ ಬಂದಾಗ ನಾನು ಅವನ ಕೈ ಹಿಡಿದುಕೊಂಡೆ. ಆ ಏಳರಲ್ಲಿ ನಾನೂ ಒಬ್ಬಳು. ಇದೊಂದನ್ನ ಉಳಿಸು ದೊಡ್ಡಪ್ಪ ಅಂತ ಅತ್ತುಬಿಟ್ಟೆ. ಹಾಗಂತ ಹೇಳೋಕೆ ನನಗೇನೂ ನಾಚಿಕೆಯಿಲ್ಲ.

"ಅದನ್ನ ಹೇಳೋಕೆ ನೀನಿದೀಯ," ಅಂದ. "ಅವರಿಗೆ ಯಾರಿದಾರೆ?"

ಆಮೇಲೆ ಅಜ್ಜಿ ಹೇಳಿದ್ದನ್ನೆಲ್ಲ ಅವನು ಹೇಳಿದ, ನಾನು ಬರೆದುಕೊಂಡೆ. ಮೊದಲನೆಯವನು ಎತ್ತುಗಳನ್ನು ಕಂಡರೆ ಕೇಕೆ ಹಾಕಿ ನಗುತ್ತಿದ್ದ, ಮೊದಲ ಗೋಧಿ ಕುಯ್ಲನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ. ಎರಡನೆಯವನಿಗೆ ಕಂದು ಕಣ್ಣು, ಅಮ್ಮನ ಕಿವಿ ಹಿಡಿದುಕೊಳ್ಳದೆ ನಿದ್ದೆ ಬರುತ್ತಿರಲಿಲ್ಲ. ಇಬ್ಬರಿಗೂ ಸರಿಯಾಗಿ ನಾಲ್ಕು ನಾಲ್ಕು ಸಾಲಾಯಿತು. ಇವನ ನಾಲ್ಕರಲ್ಲಿ ಹುಟ್ಟಿದ ದಿನ, ಉತ್ತ ಹೊಲ, ಮತ್ತು ಮಾರಿಟ್‌ಳ ಮೂರನೇ ಹಲ್ವರ್ ಅನ್ನೋ ಮಾತು ಉಳಿದವು.

ದೊಡ್ಡಪ್ಪ ಹೋಗಿ ನಾಲ್ಕು ವರ್ಷವಾಯಿತು. ಪುಸ್ತಕದಲ್ಲಿ ಆ ಹಿಮಗಾಳಿಯ ಮಾತಿಲ್ಲ. ಅದಕ್ಕೇ ಸಿಕ್ಕವರಿಗೆಲ್ಲ ನಾನು ಹೇಳುತ್ತಿರುತ್ತೇನೆ, ಕೇಳದಿದ್ದರೂ ಹೇಳುತ್ತೇನೆ: ನನಗೆ ಆಗ ಆರು ವರ್ಷ, ಶಾಲೆಯ ಬಾಗಿಲಿನಾಚೆ ಏನೂ ಕಾಣುತ್ತಿರಲಿಲ್ಲ, ನಾವೆಲ್ಲ ಅಳುತ್ತಿದ್ದೆವು, ಆಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಲ್ವರ್ ಬ್ರೆಕ್ಕೆ ಬಂದ.