ದೊಡ್ಡಮನೆಯ ಅಲರ್ಜಿ

"ಏಯ್, ಕ್ಯಾನ್ ಮುಟ್ಟಬೇಡ್ವೇ! ದೂರ ನಿಂತ್ಕೊ, ದೂರ! ಕೈ ನೋಡು ಕೈನ, ಕಪ್ಪೆ ಚರ್ಮ ಆದಂಗಾಗೈತೆ. ಊರಿಗೆಲ್ಲ ಕಜ್ಜಿ ಕುಡಿಸ್ತೀಯೇನೇ ಮುಂಡೆ?"

ಹಾಲಿನ ಡೇರಿಯ ಸೆಕ್ರೆಟರಿ ಸುಬ್ಬರಾಯಪ್ಪ ಅರಚಿದ ರಭಸಕ್ಕೆ ಅಶ್ವತ್ಥಮ್ಮನ ಕೈಲಿದ್ದ ಚೊಂಬು ತುಳುಕಿತು. ಸಾಲಿನಲ್ಲಿ ನಿಂತಿದ್ದವರು ತಮ್ಮ ತಮ್ಮ ಚೊಂಬುಗಳನ್ನು ಎದೆಗವಚಿಕೊಂಡು ಹಿಂದೆ ಸರಿದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೆರಳ ಸಂದಿನಲ್ಲಿ ಕೆಂಪಗೆ ಗುಳ್ಳೆಗಳು, ಮಣಿಕಟ್ಟಿನಲ್ಲಿ ಕೆರೆದು ಕೆರೆದು ಒಣಗಿದ ಹಕ್ಕಳೆ.

ಡೇರಿಯ ಅಧ್ಯಕ್ಷ ರಾಮಚಂದ್ರಪ್ಪ ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತಾಯಲೂರು ಕಡೆಯ ಆ ಊರಿನಲ್ಲಿ ಡೇರಿ ಅವರದು, ಟೊಮೆಟೊ ತೋಟ ಅವರದು, ಪಂಚಾಯ್ತಿ ಅವರ ಮಾತು ಮೀರದು. ಅವರು ಒಳ್ಳೆಯ ಮನುಷ್ಯರು. ತಾವಾಗಿ ಯಾರನ್ನೂ ಬೈಯುವುದಿಲ್ಲ, ಬೈಯುವುದಕ್ಕೆ ಸುಬ್ಬರಾಯಪ್ಪನನ್ನು ಇಟ್ಟುಕೊಂಡಿದ್ದಾರೆ.

"ಬೈಬೇಡ ಕಣಯ್ಯಾ," ಎಂದರು. "ಈ ಕಾಲದಲ್ಲಿ ಜಾತಿ ಗೀತಿ ಯಾರು ನೋಡ್ತಾರೆ? ಇದು ಹೈಜೀನ್. ನೋಡಮ್ಮ ಅಶ್ವತ್ಥಮ್ಮ, ಕೇರಿಯೋರ ಹಾಲು ಸದ್ಯಕ್ಕೆ ಬೇಡ. ಕಜ್ಜಿ ವಾಸಿ ಆಗ್ಲಿ, ಆಮೇಲೆ ನೋಡಾನ. ಹೋಗು, ಆ ಬೇವಿನ ಮರದ ತಾವ ನಿಂತ್ಕೊ."

ಹೈಜೀನ್ ಎಂಬ ಪದವನ್ನು ಅವರು ಯಾವುದೋ ತರಬೇತಿಯಿಂದ ತಂದಿದ್ದರು. ಹಿಂದೆ ಜಾತಿ ಇದ್ದಾಗ ಅಶ್ವತ್ಥಮ್ಮನ ಅತ್ತೆಯನ್ನು ನಿಲ್ಲಿಸುತ್ತಿದ್ದುದು ಅದೇ ಬೇವಿನ ಮರದ ಹತ್ತಿರ. ಈಗ ಜಾತಿ ಹೋಗಿ ಹೈಜೀನ್ ಬಂದಿದೆ. ಮರ ಮಾತ್ರ ಇದ್ದಲ್ಲೇ ಇದೆ.

"ನಿಂತ್ಕೊಂಡು ಏನ್ಮಾಡ್ಲಿ ಸಾಮಿ?"

"ಅದೂ ನಿಜ. ನಮ್ಮನೆ ಕಡೆ ಹೋಗು. ಕೊಟ್ಟಿಗೇಲಿ ಸಗಣಿ ಅಂಗೇ ಬಿದ್ದೈತೆ."

ಸಗಣಿಗೆ ಕಜ್ಜಿ ಹತ್ತುವುದಿಲ್ಲ. ಬಚ್ಚಲಿಗೆ ಹತ್ತುವುದಿಲ್ಲ, ಮುಸುರೆಗೆ ಹತ್ತುವುದಿಲ್ಲ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಆ ಊರಿನ ಕಜ್ಜಿಗೆ ಚೆನ್ನಾಗಿತ್ತು.

ಆ ಕಜ್ಜಿ ಬಂದದ್ದು ಎಲ್ಲಿಂದ ಎಂದು ಅಶ್ವತ್ಥಮ್ಮನಿಗೆ ಗೊತ್ತಿತ್ತು. ದಸರಾ ರಜೆಗೆ ರಾಮಚಂದ್ರಪ್ಪನವರ ಮೊಮ್ಮಗಳು ಕೋಲಾರದ ಹಾಸ್ಟೆಲ್ ಸ್ಕೂಲಿನಿಂದ ಮನೆಗೆ ಬಂದಿದ್ದಳು. ಹಗಲು ಸುಮ್ಮನಿರುವ ಮಗು ರಾತ್ರಿಯಾದರೆ ಹೊಟ್ಟೆ, ಕಂಕುಳು, ಬೆರಳಸಂದು ಕೆರೆದುಕೊಂಡು ಅಳುತ್ತಿತ್ತು. ಮಗುವಿನ ತಾಯಿ, ರಾಮಚಂದ್ರಪ್ಪನವರ ಸೊಸೆ ಶ್ರೀವಾಣಿ, ಅದು ಅಲರ್ಜಿ ಎಂದಳು. ಎಣ್ಣೆ ಹಚ್ಚಿ ನೀರು ಹಾಕೆಂದು ಅಶ್ವತ್ಥಮ್ಮನಿಗೆ ಹೇಳಿದಳು. ರಜೆ ಮುಗಿಯುವವರೆಗೂ ಅಶ್ವತ್ಥಮ್ಮ ಆ ಮಗುವಿನ ಮೈ ತಿಕ್ಕಿದಳು, ಮಧ್ಯಾಹ್ನ ತೊಡೆಯ ಮೇಲೆ ಮಲಗಿಸಿಕೊಂಡು ಬೆನ್ನು ಸವರಿದಳು. ಆಗ ಅವಳ ಕೈಗೆ ಹೈಜೀನ್ ಕಡಿಮೆಯಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಅವಳ ಬೆರಳಸಂದಿನಲ್ಲಿ ನವೆ ಶುರುವಾಯಿತು. ಆಮೇಲೆ ಅವಳ ಜೊತೆ ಒಂದೇ ಬೊಂತೆ ಹೊದ್ದು ಮಲಗುವ ಮೊಮ್ಮಗುವಿಗೆ, ಅದರ ತಾಯಿ, ಸೊಸೆ ಚಂದ್ರಕಲಾಗೆ, ಅಶ್ವತ್ಥಮ್ಮನ ಗಂಡ ಎಲ್ಲಪ್ಪನಿಗೆ, ಪಕ್ಕದ ಮನೆಗೆ, ಅದರ ಪಕ್ಕದ ಮನೆಗೆ. ಹೊಂಗೆ ಎಣ್ಣೆ ಹಚ್ಚಿದರು, ಬೇವಿನ ಸೊಪ್ಪು ಅರೆದು ಬಳಿದರು. ಎಲ್ಲಪ್ಪ ಸೀಮೆಎಣ್ಣೆ ಸುರಿದುಕೊಂಡು ಚರ್ಮ ಸುಟ್ಟುಕೊಂಡ. ದೇವಸ್ಥಾನದ ಅಯ್ನೋರು ದೂರದಿಂದಲೇ ಕೇರಿಯ ಕಡೆ ನೋಡಿ ನಾಗದೋಷ ಎಂದರು. ದೋಷ ಹೆಡೆಯೆತ್ತಿ ಮನೆಯಿಂದ ಮನೆಗೆ ಹರಿಯಿತು.

ಅತ್ತ ರಾಮಚಂದ್ರಪ್ಪನವರ ದೊಡ್ಡಮನೆಯಲ್ಲೂ ಕೆರೆತ ಶುರುವಾಗಿತ್ತು. ಅಲ್ಲಿ ಅದರ ಹೆಸರು ಅಲರ್ಜಿ. ರಸ್ತೆ ದಾಟಿ ಕೇರಿಗೆ ಬಂದರೆ ಅದೇ ಕಜ್ಜಿ.

ಡೇರಿಯಿಂದ ಅಶ್ವತ್ಥಮ್ಮ ಕೊಟ್ಟಿಗೆಗೆ ಹೋದಾಗ ಶ್ರೀವಾಣಿ ಹಾಸಿಗೆ ಬಟ್ಟೆಗಳ ರಾಶಿಯನ್ನು ಹಿತ್ತಿಲಿಗೆ ಎಸೆದಳು. ಜೊತೆಗೆ ಎರಡು ಪ್ಲಾಸ್ಟಿಕ್ ಕವರನ್ನೂ ಎಸೆದಳು.

"ಕೈಗೆ ಕವರ್ ಕಟ್ಕೊಂಡು ಒಗಿ. ನಿನ್ನ ಕಜ್ಜಿ ನಮ್ಮ ಬಟ್ಟೆಗೆ ಅಂಟ್ಕೊಂಡಾತು."

ಹಾಗೆನ್ನುತ್ತಲೇ ಅವಳು ಬಳೆ ಮೇಲೆ ಸರಿಸಿ ಮಣಿಕಟ್ಟನ್ನು ಪರಪರ ಕೆರೆದುಕೊಂಡಳು.

"ಅಮ್ಮಾ, ನಿಮ್ಗೂ ಅದೇ ಆಗೈತಲ್ಲಮ್ಮ."

"ಬಾಯ್ಮುಚ್ಚೇ! ಇದು ಡಸ್ಟ್ ಅಲರ್ಜಿ. ನಮ್ಮನೇಲೇನು ಹಂದಿ ಸಾಕಿದೀವಾ?"

ಅಶ್ವತ್ಥಮ್ಮ ಕವರ್ ಕಟ್ಟಿಕೊಂಡು ಒಗೆದಳು. ಕವರ್ ಹರಿದಿತ್ತು. ಒಳಗೆ ಸೋಪಿನ ನೀರು ನುಗ್ಗಿ ಹುಣ್ಣು ಉರಿಯಿತು.

ಮರುದಿನ ಚಂದ್ರಕಲಾ ಅತ್ತೆಯನ್ನೂ ಮಗುವನ್ನೂ ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರು ಮಗುವಿನ ಅಂಗೈಯನ್ನು ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದರು.

"ಸ್ನಾನ ಮಾಡ್ತೀರೇನ್ರೀ?"

"ನಲ್ಲೀಲಿ ನೀರು ಬಿಟ್ಟ ದಿನ ಮಾಡ್ತೀವಿ ಸಾ," ಎಂದಳು ಚಂದ್ರಕಲಾ.

ಡಾಕ್ಟರು ಕೆಟ್ಟವರಲ್ಲ, ದೂರದವರು ಅಷ್ಟೆ. ಹೇಳಬೇಕಾದ್ದನ್ನು ಹೇಳಿದರು. ಇದು ತುರಿಕಜ್ಜಿ. ಕಣ್ಣಿಗೆ ಕಾಣದ ಹುಳ ಚರ್ಮದೊಳಗೆ ಬಿಲ ತೋಡುತ್ತೆ, ಅದಕ್ಕೇ ರಾತ್ರಿ ನವೆ ಹೆಚ್ಚು. ಮೈಗೆ ಮೈ ತಾಗಿ ಬರುತ್ತೆ. ಲೋಷನ್ನನ್ನು ಕತ್ತಿನಿಂದ ಅಂಗಾಲಿನವರೆಗೆ, ಬೆರಳಸಂದು, ಉಗುರಸಂದು ಬಿಡದೆ ಹಚ್ಚಿ ರಾತ್ರಿಯೆಲ್ಲ ಬಿಡಬೇಕು, ಬೆಳಿಗ್ಗೆ ತೊಳೆಯಬೇಕು. ವಾರ ಬಿಟ್ಟು ಇನ್ನೊಮ್ಮೆ. ನವೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು. ಹಾಸಿ ಹೊದೆಯುವುದನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಹುಳ ಸತ್ತ ಮೇಲೂ ಕೆಲವು ವಾರ ನವೆ ಇರುತ್ತೆ, ಹೆದರಬಾರದು.

"ನಮ್ಮತ್ತೆ ದೊಡ್ಡಮನೇಲಿ ಕೆಲ್ಸ ಮಾಡ್ತಾರೆ ಸಾ. ಅಲ್ಲೂ ಎಲ್ರೂ ಕೆರ್ಕೊತಾವ್ರೆ. ಅವ್ರು ಹಚ್ಕೊಳ್ದೇ ಇದ್ರೆ?"

"ನಿಮಗೆ ಮತ್ತೆ ಬರುತ್ತೆ. ಅವರಿಗೂ ಹೇಳಿ."

ಎಷ್ಟು ಸುಲಭವಾಗಿ ಹೇಳಿದರು! ಅವಧಿ ಮುಗಿಯಲು ಬಂದಿದ್ದ ಲೋಷನ್ನಿನ ರಟ್ಟಿನ ಪೆಟ್ಟಿಗೆಯೊಂದು ಮೂಲೆಯಲ್ಲಿ ಬಿದ್ದಿತ್ತು. ಕೇರಿಗೆಲ್ಲ ಆಗಲಿ ಎಂದು ಅದನ್ನೇ ಕೊಟ್ಟು ಕಳಿಸಿದರು.

ಸಂಜೆ ಅಶ್ವತ್ಥಮ್ಮ ದೊಡ್ಡಮನೆಯ ಮೆಟ್ಟಿಲ ಕೆಳಗೆ ನಿಂತಳು. ಆ ಮನೆಯವರ ಉಗುಳು, ಕಕ್ಕ, ಮುಟ್ಟು ಎಲ್ಲ ಅವಳಿಗೆ ಗೊತ್ತಿತ್ತು. ಆದರೆ ಅವರಿಗೊಂದು ರೋಗವಿದೆ ಎಂದು ಹೇಳುವುದು ಬೇರೆ ಮಾತು. ಲೋಷನ್ ಬಾಟಲಿಗಳನ್ನು ಜಗಲಿಯ ಅಂಚಿಗಿಟ್ಟಳು.

"ಸಾಮಿ, ಇವತ್ತು ರಾತ್ರಿ ಕೇರಿಯೋರೆಲ್ಲ ಔಸ್ತಿ ಹಚ್ಕೊತೀವಿ. ನೀವೂ ಇವತ್ತೇ ಹಚ್ಕೊಬೇಕಂತೆ. ಡಾಕ್ಟ್ರು ಹೇಳವ್ರೆ. ಇಲ್ದಿದ್ರೆ ತಿರ್ಗ ನಮ್ಗೆ ಬತ್ತದಂತೆ."

ರಾಮಚಂದ್ರಪ್ಪ ಪಂಚೆಯ ಒಳಗೆ ಕೈಹಾಕಿ ತೊಡೆಸಂದನ್ನು ತೀಡಿಕೊಳ್ಳುತ್ತಿದ್ದವರು ಕೈ ಹೊರಗೆಳೆದರು.

"ಏನಂದೆ? ನಮ್ಮಿಂದ ನಿಮ್ಗಾ?"

"ಮಗೂಗೆ ಎಣ್ಣೆ ಹಚ್ಚಿದ್ನಲ್ಲ ಸಾಮಿ, ದಸರಾದಾಗೆ..."

"ಬೋಳಿಮುಂಡೆ! ನಾಲ್ಗೆ ಸೀಳ್ಬಿಡ್ತೀನಿ! ನನ್ನ ಮೊಮ್ಮಗೂಗೆ ಕಜ್ಜಿ ಅಂತೀಯೇನೇ?" ಸುಬ್ಬರಾಯಪ್ಪ ಪಕ್ಕದಲ್ಲಿಲ್ಲದ್ದರಿಂದ ಅವರೇ ಬೈಯಬೇಕಾಯಿತು. ಕಾಲಿನಿಂದ ಬಾಟಲಿಗಳನ್ನು ಒದ್ದರು. ಅವು ಉರುಳಿ ಚರಂಡಿಗೆ ಬಿದ್ದವು. "ನಾಳೆ ಮಾರ್ಕೆಟ್‌ಗೆ ಲೋಡ್ ಹೋಗ್ಬೇಕು. ಒಬ್ರೂ ಬಿಡ್ದಂಗೆ ಟೊಮೆಟೊ ಕೀಳೋಕೆ ಬರ್ಬೇಕು, ತಿಳೀತಾ?"

"ನಾಳೆ ಯಾರೂ ಬರಲ್ಲ ಸಾಮಿ. ಬೊಂತೆ ಒಗೀಬೇಕು."

ಮಾತು ಬಾಯಿಂದ ಹೊರಬಿದ್ದ ಮೇಲೆ ಅಶ್ವತ್ಥಮ್ಮನಿಗೇ ಆಶ್ಚರ್ಯವಾಯಿತು. ಚರಂಡಿಯಿಂದ ಬಾಟಲಿಗಳನ್ನು ಹೆಕ್ಕಿ ಸೆರಗಿನಲ್ಲಿ ಒರೆಸಿಕೊಂಡು ಬಂದಳು.

ಆ ರಾತ್ರಿ ಕೇರಿಯವರೆಲ್ಲ ಉಗುರು ಕತ್ತರಿಸಿ ಒಬ್ಬರ ಬೆನ್ನಿಗೆ ಒಬ್ಬರು ಲೋಷನ್ ಹಚ್ಚಿದರು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಗಾಳಿ ಬಂತು. ನೀರು ಬಿಡುವ ಆಂಜಿನಪ್ಪ ಕೇರಿಯ ಬಾಯಲ್ಲಿ ಸೈಕಲ್ ಹಿಡಿದು ನೆಲ ನೋಡುತ್ತ ನಿಂತಿದ್ದ.

"ಮೋಟ್ರು ಸುಟ್ಟೋಗೈತೆ ಅತ್ತಿಗೆ."

"ಯಾವಾಗ ಸುಟ್ಟೋಯ್ತು?"

"ರಾತ್ರಿ ಹೇಳುದ್ರು, ಸುಟ್ಟೋಗೈತೆ ಅನ್ನು ಅಂತ."

ಮೈಗೆ ಔಷಧಿ ಅಂಟಿತ್ತು. ಮನೆ ಮುಂದೆ ಬೊಂತೆ, ಚಾಪೆ, ಸೀರೆ, ಮಕ್ಕಳ ಚಡ್ಡಿಗಳು ರಾಶಿ ಬಿದ್ದಿದ್ದವು. ಎಲ್ಲಪ್ಪ, "ಹೋಗ್ಲಿ ಬಿಡ್ರೇ, ತಪ್ಪಾಯ್ತು ಅಂತ ತ್ವಾಟಕ್ಕೆ ಹೋಗಾನ, ನೀರು ಬಿಡಿಸ್ತಾರೆ," ಎಂದ. ಅಶ್ವತ್ಥಮ್ಮ ರಾಶಿಯಿಂದ ಒಂದು ಬೊಂತೆ ಎತ್ತಿ ತಲೆಯ ಮೇಲೆ ಹೊತ್ತುಕೊಂಡಳು.

"ನಡೀರಿ. ತ್ವಾಟಕ್ಕೇ ಹೋಗಾನ."

ರಾಮಚಂದ್ರಪ್ಪನವರ ತೋಟದ ಮೇಲ್ಭಾಗದಲ್ಲಿ ಕರಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ತುಂಬಿಕೊಂಡಿತ್ತು. ಅದನ್ನು ತೋಡಿದ್ದು ಕೇರಿಯವರೇ. ತೋಡಿದ ಮೇಲೆ ಬೇಲಿ ಹಾಕಿದ್ದೂ ಅವರೇ. ಆದ್ದರಿಂದ ಬೇಲಿ ಎಲ್ಲಿ ಸಡಿಲವೆಂದು ಅವರಿಗೆ ಗೊತ್ತಿತ್ತು. ಚಂದ್ರಕಲಾ ಕಂಬ ಕಿತ್ತಳು. ಹೆಂಗಸರು ನೀರು ಮೊಗೆದರು. ಎಲ್ಲಪ್ಪ ಗೊಣಗುತ್ತಲೇ ಬಂದು, ಕೇರಿಯ ಮದುವೆಗಳಿಗೆಂದು ಇಟ್ಟಿದ್ದ ದೊಡ್ಡ ಹಂಡೆಯನ್ನು ಕಲ್ಲುಗಳ ಮೇಲೆ ಕೂರಿಸಿದ. ಸೌದೆ? ಟೊಮೆಟೊ ಗಿಡಕ್ಕೆ ಊರಲು ತಂದ ನೀಲಗಿರಿ ಕಡ್ಡಿಗಳು ಒಣಗಿ ಪೇರಿಸಿ ಬಿದ್ದಿದ್ದವು. ಅವು ಬಹಳ ಚೆನ್ನಾಗಿ ಉರಿದವು.

ಹಂಡೆ ಕುದಿಯಿತು. ಬೊಂತೆಗಳು ಮುಳುಗಿ ಎದ್ದವು. ಕೊಯ್ಯುವವರಿಲ್ಲದ ಟೊಮೆಟೊ ಸಾಲುಗಳ ತಂತಿಗಳ ಮೇಲೆ ಕೇರಿಯ ಸೀರೆ, ಲಂಗ, ಲುಂಗಿಗಳು ಹರಡಿದವು. ಮಕ್ಕಳು ಬೆತ್ತಲೆ ನಿಂತು ಬಿಸಿನೀರು ಹುಯ್ಯಿಸಿಕೊಂಡು ಕಿರುಚಿದರು. ಅಷ್ಟು ನೀರನ್ನು ಅವು ಒಟ್ಟಿಗೆ ಕಂಡದ್ದು ಕಡಿಮೆ.

ಬಿಸಿಲೇರುವ ಹೊತ್ತಿಗೆ ರಾಮಚಂದ್ರಪ್ಪನವರ ಕಾರು ಬಂತು. ಹಿಂದೆ ಸುಬ್ಬರಾಯಪ್ಪ ಬೈಕಿನಲ್ಲಿ.

"ಯಾವಳೇ ಅವಳು ಬೇಲಿ ಕಿತ್ತೋಳು? ಹಲ್ಕಾ ನನ್ಮಕ್ಳಾ, ಕಜ್ಜಿ ಬಟ್ಟೆನೆಲ್ಲ ತಂದು ಸಾಹೇಬ್ರ ಬೆಳೆ ಮೇಲೆ ಹಾಕಿದೀರಾ? ಪೊಲೀಸ್‌ನ ಕರೀತೀನಿ!" ಸುಬ್ಬರಾಯಪ್ಪ ಅರಚಿದ. ಆದರೆ ಹತ್ತಿರ ಬರಲಿಲ್ಲ. ಹೈಜೀನ್ ಅವನನ್ನು ಬದುವಿನಾಚೆ ತಡೆದಿತ್ತು.

"ಕರೀರಿ ಅಣ್ಣ, ಬರ್ಲಿ," ಎಂದಳು ಚಂದ್ರಕಲಾ. "ಅವ್ರೂ ನಮ್ಮನ್ನ ಎತ್ತಾಕ್ಕೊಂಡೋಗ್ಬೇಕಾದ್ರೆ ಮುಟ್ಲೇಬೇಕಲ್ಲ."

ಯಾರೋ ಕಿಸಕ್ಕನೆ ನಕ್ಕರು. ರಾಮಚಂದ್ರಪ್ಪ ಸುಬ್ಬರಾಯಪ್ಪನನ್ನು ಪಕ್ಕಕ್ಕೆ ತಳ್ಳಿ ಬದು ದಾಟಿ ಹಂಡೆಯ ಹತ್ತಿರಕ್ಕೇ ಬಂದರು. ಮುಖ ಟೊಮೆಟೊಗಿಂತ ಕೆಂಪಗಿತ್ತು.

"ನನ್ನ ನೀರು ಕಣೇ ಅದು! ಯಾರನ್ನ ಕೇಳಿ ಮುಟ್ಟಿದೆ?"

ಅಶ್ವತ್ಥಮ್ಮ ಕೋಲಿನಿಂದ ಬೊಂತೆಯೊಂದನ್ನು ಕುದಿಯುವ ನೀರಿಗೆ ಅದುಮಿದಳು. ಹಬೆ ಎದ್ದು ಅವಳ ಮುಖ ಮುಚ್ಚಿತು. ಕೋಲು ಹಿಡಿದ ಕೈ ಗಟ್ಟಿಯಾಗಿತ್ತು.

"ನಿಮ್ಮ ನೀರೇ ಸಾಮಿ, ಇಲ್ಲ ಅಂದೋರ್ಯಾರು? ಚೆನ್ನಾಗಿ ಕಾದೈತೆ." ಅವಳು ಕೋಲನ್ನು ಹಂಡೆಗೆ ಒರಗಿಸಿ, ಗುಳ್ಳೆಯೆದ್ದ ಬಲಗೈಯನ್ನು ಕೇರಿಯೆಲ್ಲ ನೋಡುವಂತೆ ಅವರ ಮುಂದೆ ಚಾಚಿದಳು. "ಪಂಚೆ ಬಿಚ್ಕೊಡಿ. ಒಗ್ದು ಕೊಡ್ತೀನಿ."

ಹೆಂಗಸರು ಕೈಲಿದ್ದದ್ದನ್ನು ಕೆಳಗಿಟ್ಟು ಒಬ್ಬೊಬ್ಬರಾಗಿ ಹಂಡೆಯ ಸುತ್ತ ಬಂದು ನಿಂತರು. ಅಶ್ವತ್ಥಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.