ಬಾಗಿಲ ಪಕ್ಕದ ಹಂಸಗಳು

ನನ್ನ ನಾದಿನಿ ದ್ಯಾಮಕ್ಕನಿಗೆ ಲಕ್ವ ಹೊಡೆದ ಮೇಲೆ ಮಲಪನಗುಡಿಯ ನಮ್ಮ ಮನೆಯ ಅಡುಗೆಕೋಣೆಗೆ ಅಂಟಿಸಿ ಒಂದು ಪಾಯಿಖಾನೆ ಕಟ್ಟಿಸಿದೆ. ಹಳೆಯದು ಹಿತ್ತಲಿನ ಕೊನೆಯಲ್ಲಿತ್ತು. ಅವಳನ್ನು ಅಲ್ಲಿಯವರೆಗೆ ಹಿಡಿದುಕೊಂಡು ನಡೆಸುವ ಶಕ್ತಿ ನನಗಿರಲಿಲ್ಲ. ಹಂಪಿಯ ಸ್ಮಾರಕಗಳ ಸುತ್ತಿನ ಊರು ನಮ್ಮದು. ಒಂದು ಗೋಡೆ ಎಬ್ಬಿಸಲೂ ಮೊದಲೇ ಅನುಮತಿ ಬೇಕು. ಅವಸರದಲ್ಲಿ ಕೇಳಿರಲಿಲ್ಲ. ಸ್ಮಾರಕಗಳನ್ನು ನೋಡಿಕೊಳ್ಳುವ ಹೊಸಪೇಟೆಯ ಕಚೇರಿಯಿಂದ ನೋಟಿಸು ಬಂತು.

ಅಲ್ಲಿಂದ ಪರಿಶೀಲನೆಗೆ ಬಂದ ಕಿರಣ್ ಕುಮಾರ್ ಕೋಣೆ ನೋಡುವ ಮೊದಲು ದ್ಯಾಮಕ್ಕನ ಮಂಚದ ಬಳಿ ಕುಳಿತು, "ಊಟ ಆತೇನ್ರಿ ಅಮ್ಮಾ?" ಎಂದು ವಿಚಾರಿಸಿದ. ಆಮೇಲೆ ನನ್ನ ಕಡೆ ತಿರುಗಿದ. "ಕಟ್ಟಿದ ಮ್ಯಾಲೂ ಅನುಮತಿ ಕೇಳಾಕ ದಾರಿ ಐತ್ರಿ. ಅರ್ಜಿ ಬರೀರಿ, ಫೋಟೊ ಹಚ್ರಿ. ಊರಿನ ಹಳೇ ರೂಪಕ್ಕ ಹೊಂದಂಗಿದ್ರ ಇನ್ನೂ ಚಲೋ."

ಆ ಕೊನೆಯ ಮಾತು, ಕೋಣೆ ಕಟ್ಟಿ ಅಲ್ಲೇ ನಿಂತಿದ್ದ ಗೌಂಡಿ ಮೂಕಣ್ಣನ ತಲೆಯಲ್ಲಿ ಕುಳಿತಿತು. "ಸಿಮೆಂಟ್ ಗೋಡಿ ಯಾರಿಗ್ ಬೇಕ್ರಿ? ಹಂಪಿ ಕಂಡಂಗ ಕಾಣ್ಬೇಕು" ಎಂದು, ನಾವು ಬಟ್ಟೆ ಒಗೆಯುತ್ತಿದ್ದ ಎರಡು ಕಲ್ಲುಗಳನ್ನು ಮಗುಚಿದ. ಅಡಿಯಲ್ಲಿ ಹಂಸಗಳ ಸಾಲು ಕೆತ್ತಿತ್ತು. ನಮ್ಮೂರಲ್ಲಿ ಇಂಥ ಕಲ್ಲು ಯಾರಿಗೂ ಹೊಸದಲ್ಲ. ಒಬ್ಬರ ಮನೆಗೆ ಅದು ಮೆಟ್ಟಿಲು, ಇನ್ನೊಬ್ಬರಿಗೆ ದನದ ಗೂಟ. ಪಾಯಿಖಾನೆಯ ಬಾಗಿಲ ಎರಡೂ ಪಕ್ಕ ಅವನ್ನು ಗಾರೆ ಹಾಕಿ ಕೂರಿಸಿದ.

ದ್ಯಾಮಕ್ಕ ಸೊಟ್ಟ ಬಾಯಲ್ಲೇ ನಕ್ಕಳು. "ಲೇ ಮೂಕಣ್ಣ, ನನ್ನ ರಾಣಿ ಮಾಡಿದ್ಯಲ್ಲೋ! ಯಾವ ರಾಣಿನೂ ಇಂಥಾದ್ರಾಗ ಕುಂತಿರ್ಲಿಕ್ಕಿಲ್ಲ."

ಹಂಸಗಳು ಚೆನ್ನಾಗಿ ಕಾಣಲೆಂದು ನಾನೇ ಎಳೆಬಿಸಿಲಿನಲ್ಲಿ ಫೋಟೊ ತೆಗೆದೆ.

ಹೊಸಪೇಟೆಯ ಕಚೇರಿಯಲ್ಲಿ ಆ ಫೋಟೊ ಮೇಜಿನಿಂದ ಮೇಜಿಗೆ ಹೋಯಿತು. ಕಿರಣ್ ಕುಮಾರ್ ನನ್ನನ್ನು ಹೊರಗೆ ಕರೆದು, ನೆರಳಿನಲ್ಲಿ ಕೂರಿಸಿ, ತನ್ನ ಬಾಟಲಿಯ ನೀರು ಕೊಟ್ಟ.

"ಕಲ್ಲು ಯಾಕ್ ಇಟ್ರಿ ಅಮ್ಮಾ? ಬರೀ ಕೋಣೆ ಆಗಿದ್ರ ಹೆಂಗರ ಪಾಸ್ ಆಗ್ತಿತ್ತು. ಈಗ ಸ್ಮಾರಕದ ಕಲ್ಲು ಗೋಡಿಗೆ ಹಾಕ್ಯಾರ ಅಂತ ಆತು. ಕೆಡವ್ರಿ ಅಂತ ಬರ್ದಾರ."

"ಕಲ್ಲು ತಗದ್ಬಿಟ್ರ?"

"ತಗದ್ರೂ ಫೋಟೊ ಇರ್ತೈತಲ್ರಿ."

ಕೆಡವಲು ಬಂದ ಕೂಲಿಯವರಲ್ಲಿ ಒಬ್ಬ ಮೊದಲು ಕಮೋಡನ್ನು ಬಿಡಿಸಿ, ಒಡೆಯದಂತೆ ಎತ್ತಿ ತಂದು ಬೇವಿನ ಮರದ ಕೆಳಗಿಟ್ಟ. ಧೂಳು ಬೀಳದಿರಲೆಂದು ತನ್ನ ಟವೆಲ್ ಹೊದಿಸಿದ. ಹಂಸದ ಕಲ್ಲುಗಳನ್ನು ಗೋಣಿಚೀಲದಲ್ಲಿ ಸುತ್ತಿ, ಹುಷಾರಾಗಿ ಟ್ರ್ಯಾಕ್ಟರಿಗೆ ಏರಿಸಿದರು. ಮೂಕಣ್ಣ ಬೀದಿಯಲ್ಲೇ ನಿಂತಿದ್ದ. ಚಹಾಕ್ಕೆ ಕರೆದೆ, ತಲೆ ಎತ್ತಲಿಲ್ಲ.

ಅವರೆಲ್ಲ ಹೋದ ಮೇಲೆ ದ್ಯಾಮಕ್ಕ ಮೆಲ್ಲಗೆ, "ಅತ್ತಿಗೀ, ಹೋಗ್ಬೇಕಿತ್ತು" ಎಂದಳು. ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ. ಇಟ್ಟಿಗೆಯ ರಾಶಿ ಬಳಸಿಕೊಂಡು ಹಿತ್ತಲಿಗೆ ಹೊರಟೆವು. ಅರ್ಧ ದಾರಿಯಲ್ಲೇ ಅವಳ ಸೀರೆ ಒದ್ದೆಯಾಯಿತು.

"ನಾಳಿಂದ ನನಗ ನೀರು ಕೊಡಬ್ಯಾಡ" ಎಂದಳು.

ಅವಳಿಗೆ ಬೇರೆ ಸೀರೆ ಉಡಿಸಿ ಮಲಗಿಸಿದೆ. ಒದ್ದೆ ಸೀರೆ ಹಿಡಿದು ಹೊರಗೆ ಬಂದರೆ, ಒಗೆಯಲು ಕಲ್ಲಿರಲಿಲ್ಲ.